ನಕಾನೊದಲ್ಲಿ ಕೊಂಡ ಕ್ಯಾಮೆರಾ

ಟೋಕಿಯೊದ ಶಿಂಜುಕು ನಿಲ್ದಾಣದಲ್ಲಿ ಚುಒ ಮಾರ್ಗದ ರೈಲು ಹತ್ತಿದರೆ ಐದು ನಿಮಿಷದಲ್ಲಿ ನಕಾನೊ. ಉತ್ತರ ಬಾಗಿಲಿನಿಂದ ಹೊರಬಂದರೆ ಎದುರಿಗೇ ಮಾಡು ಹೊದಿಸಿದ ಉದ್ದನೆಯ ಪೇಟೆಬೀದಿ. ಅದರ ಕೊನೆಗೆ ಹಳೆಯ ಗೊಂಬೆ, ಕಾಮಿಕ್ಸ್, ಕೈಗಡಿಯಾರಗಳ ಅಂಗಡಿಗಳು ತುಂಬಿರುವ ಬ್ರಾಡ್‌ವೇ ಕಟ್ಟಡ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಹುಡುಕುವವರು ಈ ಆಸುಪಾಸಿಗೇ ಬರುತ್ತಾರೆ. ನಾನೂ ಒಂದು ಶನಿವಾರ ಬೆಳಿಗ್ಗೆ ಹೋದೆ.

ಅಂಗಡಿಯ ಒಳಗೆ ನೆಲದಿಂದ ಎದೆಮಟ್ಟದವರೆಗೆ ಗಾಜಿನ ಕಪಾಟುಗಳು. ಒಂದು ಸಾಲಿನಲ್ಲಿ ನಿಕಾನ್, ಇನ್ನೊಂದರಲ್ಲಿ ಪೆಂಟಾಕ್ಸ್, ಒಲಿಂಪಸ್, ಕ್ಯಾನನ್. ಒಂದೊಂದಕ್ಕೂ ಕಟ್ಟಿದ ಪುಟ್ಟ ಚೀಟಿಯಲ್ಲಿ ಬೆಲೆ, ದರ್ಜೆ, ಜೊತೆಗೆ ಅದರ ದೋಷಗಳು: ಮೂಲೆಯಲ್ಲಿ ತಗ್ಗು, ತಳದಲ್ಲಿ ಗೀರು, ಲೆನ್ಸ್ ಒಳಗೆ ತೆಳುವಾದ ಮಬ್ಬು. ಮಾರುವವನೇ ತನ್ನ ಸರಕಿನ ಐಬನ್ನು ಮೊದಲು ಹೇಳಿಬಿಡುವ ಈ ಪದ್ಧತಿ ನನಗೆ ತುಂಬ ಹಿಡಿಸಿತು. ಭಾಷೆ ಅರ್ಧಂಬರ್ಧ ಬರುವ ಪರದೇಶಿ ಗಿರಾಕಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ. ಬಾಗಿಲ ಬಳಿ ಪ್ಲಾಸ್ಟಿಕ್ ಬುಟ್ಟಿಗಳೂ ಇರುತ್ತವೆ. ಅವುಗಳಲ್ಲಿರುವುದು ಜಂಕ್ ಮಾಲು. ಅದಕ್ಕೆ ಗ್ಯಾರಂಟಿ ಇಲ್ಲ, ವಾಪಸಾತಿಯೂ ಇಲ್ಲ. ಬಿಚ್ಚಿ ಜೋಡಿಸಲು ಬಲ್ಲವರಿಗೆ ಅದು ಹಬ್ಬ, ಹೊಸಬರು ಅತ್ತ ಕೈಹಾಕದಿರುವುದೇ ಒಳ್ಳೆಯದು.

ನಾನು ಕೇಳಿದ್ದು ನಿಕಾನ್ ಎಫ್‌ಎಂ2. 1982ರಲ್ಲಿ ಬಂದ ಈ ಕ್ಯಾಮೆರಾದ ಶಟರ್ ನಡೆಯಲು ಬ್ಯಾಟರಿ ಬೇಡ, ಬೆಳಕು ಅಳೆಯುವ ಮೀಟರಿಗೆ ಮಾತ್ರ ಬೇಕು. ಶಟರಿನ ಗರಿಷ್ಠ ವೇಗ ಸೆಕೆಂಡಿನ 4000ದಲ್ಲಿ ಒಂದು ಭಾಗ. ಅಂಗಡಿಯ ಹುಡುಗ ಮೆತ್ತನೆಯ ಬಟ್ಟೆ ಹಾಸಿದ ತಟ್ಟೆಯೊಂದನ್ನು ತಂದು, ಎರಡೂ ಕೈಯಿಂದ ಕ್ಯಾಮೆರಾವನ್ನು ಅದರ ಮೇಲಿಟ್ಟ. ಹಿಂಬದಿಯ ಮುಚ್ಚಳ ತೆಗೆದು, ಒಂದು ಸೆಕೆಂಡಿಗೆ ಶಟರ್ ತಿರುಗಿಸಿ ಒತ್ತಿ ತೋರಿಸಿದ. ಒಳಗಿನ ಹಲ್ಲುಚಕ್ರಗಳು ಸಣ್ಣಗೆ ಗುಂಯ್‌ಗುಡುತ್ತ ತಿರುಗಿ ಟಕ್ಕನೆ ನಿಂತವು. ಎಣ್ಣೆ ಗಟ್ಟಿಯಾದ ಹಳೆಯ ಯಂತ್ರಗಳು ಎಡವುವುದು ಈ ನಿಧಾನದ ವೇಗಗಳಲ್ಲೇ. ಮುಚ್ಚಳದ ಅಂಚಿಗೆ ಅಂಟಿಸಿರುವ ಕಪ್ಪು ಸ್ಪಂಜು ವಯಸ್ಸಾದಂತೆ ಕರಗಿ ಅಂಟಂಟಾಗುತ್ತದೆ, ಆಗ ಬೆಳಕು ಒಳನುಗ್ಗಿ ಫಿಲ್ಮ್ ಹಾಳಾಗುತ್ತದೆ. ಆ ಸ್ಪಂಜನ್ನು ಹೊಸದಾಗಿ ಹಾಕಿದ್ದಾರೆಂದು ಚೀಟಿಯಲ್ಲಿ ಬರೆದಿತ್ತು. ಕೊನೆಗೆ 50 ಎಂಎಂ ಲೆನ್ಸನ್ನು ಪೂರ್ತಿ ತೆರೆದು ಅದರ ಹಿಂದಿನಿಂದ ಪುಟ್ಟ ಟಾರ್ಚ್ ಹಿಡಿದ. ಗಾಜಿಗೆ ಬೂಷ್ಟು ಹಿಡಿದಿದ್ದರೆ ಜೇಡರ ಬಲೆಯಂಥ ಎಳೆಗಳು ಆಗ ಎದ್ದು ಕಾಣುತ್ತವೆ. ಒಂದೆರಡು ಧೂಳಿನ ಕಣ ಬಿಟ್ಟರೆ ಗಾಜು ತಿಳಿಯಾಗಿತ್ತು. ಅದನ್ನೇ ಕೊಂಡೆ.

ಓಡುವ ಮಕ್ಕಳು, ಹಾರುವ ಹಕ್ಕಿಗಳ ಚಿತ್ರವೇ ಬೇಕೆನ್ನುವವರು ಹಳೆಯ ಡಿಜಿಟಲ್ ಎಸ್‌ಎಲ್‌ಆರ್ ಕೊಳ್ಳಲಿ, ಅದು ಸರಿಯಾದ ಆಯ್ಕೆ. ಬೆಳಕನ್ನು ಬುಡದಿಂದ ಕಲಿಯುವ ಆಸೆ ಇದ್ದವರಿಗೆ ಮಾತ್ರ ಕೈಯಿಂದಲೇ ಎಲ್ಲ ತಿರುಗಿಸಬೇಕಾದ ಇಂಥ ಕ್ಯಾಮೆರಾ, ಒಂದೇ ಒಂದು ಲೆನ್ಸ್ ಸಾಕು ಎಂಬುದು ನನ್ನ ದೃಢವಾದ ನಂಬಿಕೆ.

ಕಲಿಯಲು ಟೋಕಿಯೊದ ಚಳಿಗಾಲಕ್ಕಿಂತ ಒಳ್ಳೆಯ ಕಾಲ ಸಿಗದು. ಡಿಸೆಂಬರಿನಲ್ಲಿ ಇಲ್ಲಿ ಗಾಳಿ ಒಣಗಿ ಆಕಾಶ ತೊಳೆದಂತಿರುತ್ತದೆ. ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಸುಮಾರು 31 ಡಿಗ್ರಿಯಷ್ಟೇ ಮೇಲಿರುತ್ತಾನೆ, ಬೆಂಗಳೂರಿನ ನಡುಮಧ್ಯಾಹ್ನದಲ್ಲಾದರೆ 53ಕ್ಕೂ ಮೇಲೆ. ಐದಡಿ ಎತ್ತರದವರ ನೆರಳು ಬೆಂಗಳೂರಿನಲ್ಲಿ ನಾಲ್ಕಡಿಯೂ ಇರದಿದ್ದರೆ ಇಲ್ಲಿ ಎಂಟಡಿ ದಾಟುತ್ತದೆ. ಬೆಳಕು ಪಕ್ಕದಿಂದ ಬೀಳುವುದರಿಂದ ಗೋಡೆಯ ಹೆಂಚು, ಸೈಕಲ್ಲಿನ ಕಡ್ಡಿ, ಮುಖದ ಸುಕ್ಕು ಎಲ್ಲಕ್ಕೂ ಒಂದು ಮೈ ಬರುತ್ತದೆ. ನಾಲ್ಕೂವರೆಗೆ ಸೂರ್ಯ ಮುಳುಗಿಬಿಡುತ್ತಾನೆ, ಹಾಗಾಗಿ ರಜಾದಿನ ಬೇಗ ಮನೆ ಬಿಡಬೇಕು.

ಮಿನೊವಾಬಾಶಿಯಿಂದ ವಸೇದಾವರೆಗೆ ಸುಮಾರು 12 ಕಿ.ಮೀ. ಓಡುವ ಅರಕಾವಾ ಟ್ರಾಮ್ ಮಾರ್ಗವೇ ನನ್ನ ಪಾಠಶಾಲೆ. ಮನೆಗಳ ಹಿತ್ತಿಲಿಗೆ ತಾಗಿಕೊಂಡೇ ಒಂದೇ ಡಬ್ಬಿಯ ಟ್ರಾಮ್ ಸಾಗುತ್ತದೆ. ಹಳಿಯ ಪಕ್ಕದ ಬಿಸಿಲಿನಲ್ಲಿ, 400 ಐಎಸ್ಒ ಫಿಲ್ಮಿಗೆ, ಅಪರ್ಚರ್ 16, ಶಟರ್ 500. ಅಲ್ಲಿಂದ ನಾಲ್ಕು ಹೆಜ್ಜೆ ನಡೆದು ಮಿನೊವಾಬಾಶಿಯ ಮಾಡು ಹೊದಿಸಿದ ಅಂಗಡಿಬೀದಿಯೊಳಗೆ ಹೊಕ್ಕರೆ ಅಪರ್ಚರ್ 2.8, ಶಟರ್ 60. ಅಪರ್ಚರ್, ಶಟರ್‌ಗಳ ಒಂದೊಂದು ಮೆಟ್ಟಿಲು (ಸ್ಟಾಪ್) ಇಳಿದರೆ ಸುತ್ತಲಿನ ಬೆಳಕು ಅರ್ಧಕ್ಕೆ ಇಳಿದಿದೆ ಎಂದರ್ಥ. ಇಲ್ಲಿ ಇಳಿದದ್ದು ಎಂಟು ಮೆಟ್ಟಿಲು, ಅಂದರೆ 256 ಪಟ್ಟು ಕಡಿಮೆ. ಕಣ್ಣು ಅಷ್ಟು ದೊಡ್ಡ ವ್ಯತ್ಯಾಸವನ್ನು ತಾನೇ ಸರಿದೂಗಿಸಿಕೊಂಡು ನಮಗೆ ಗೊತ್ತೇ ಆಗಗೊಡುವುದಿಲ್ಲ. ಬೆರಳಿನಿಂದ ಉಂಗುರ ತಿರುಗಿಸಿ ಎಣಿಸಿದಾಗ ಮಾತ್ರ ಅದು ಅರಿವಿಗೆ ಬರುತ್ತದೆ. ಈಗ ಕ್ಯಾಮೆರಾ ಇಲ್ಲದಿದ್ದರೂ ಆಫೀಸಿನ ಮೆಟ್ಟಿಲು, ರೈಲಿನ ಕಿಟಕಿ ನೋಡಿದಾಗಲೆಲ್ಲ ಮನಸ್ಸು ಲೆಕ್ಕ ಹಾಕುತ್ತಿರುತ್ತದೆ.

ಮನುಷ್ಯರ ಚಿತ್ರ ತೆಗೆಯುವುದು ಬೇರೆಯೇ ವಿದ್ಯೆ. ಕದ್ದು ಫೋಟೊ ತೆಗೆಯುವುದನ್ನು ತಡೆಯಲೆಂದೇ ಜಪಾನಿನಲ್ಲಿ ಮಾರುವ ಫೋನುಗಳ ಕ್ಯಾಮೆರಾ ಸದ್ದು ಮಾಡುತ್ತದೆ. ಕೇಳದೆ ಕ್ಯಾಮೆರಾ ಎತ್ತಿದರೆ ಜನ ಮುಖ ತಿರುಗಿಸುತ್ತಾರೆ. ಆ ಅಂಗಡಿಬೀದಿಯಲ್ಲಿ ಉಪ್ಪಿನಲ್ಲಿ ಹಾಕಿದ ಮೂಲಂಗಿ, ಬದನೆ ಮಾರುವ ಅಜ್ಜಿಯೊಬ್ಬರಿದ್ದಾರೆ. “ಅಜ್ಜಿ, ಒಂದು ಫೋಟೊ ತೆಗೆಯಬಹುದಾ?” ಎಂದು ನನ್ನ ಹರಕು ಜಪಾನಿಯಲ್ಲಿ ಕೇಳಿದೆ. ಅವರು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ತಲೆಗೆ ಕಟ್ಟಿದ ಬಿಳಿ ವಸ್ತ್ರ ನೇರ ಮಾಡಿಕೊಂಡು, ಬೆನ್ನು ನೆಟ್ಟಗೆ ನಿಂತರು. ನಾನು ಫೋಕಸ್ ಸರಿಮಾಡುವಷ್ಟು ಹೊತ್ತೂ ಅವರು ಅಲುಗಲಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ತೆಗೆದ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿರುವ ಸಾಮಾನ್ಯ ಜನರಿಗೆ ತಮ್ಮ ಮುಂದೆ ನಿಂತವನ ಬಗ್ಗೆ ಭಯವಿಲ್ಲ. ಆ ಸಲಿಗೆ ಯಾವ ಲೆನ್ಸಿನಿಂದಲೂ ಬರುವುದಿಲ್ಲ, ಮಾತಾಡಿಸಿಯೇ ಗಳಿಸಬೇಕು.

36 ಚಿತ್ರಗಳ ಒಂದು ರೀಲು, ಅದನ್ನು ತೊಳೆಸುವ ಖರ್ಚು ಎರಡೂ ಈಗ ದುಬಾರಿ. ಆದ್ದರಿಂದ ಒಂದೊಂದು ಚಿತ್ರಕ್ಕೂ ಅಪರ್ಚರ್, ಶಟರ್, ಹೊತ್ತು ಬರೆದಿಡುವ ಪುಟ್ಟ ಪುಸ್ತಕ ಜೇಬಿನಲ್ಲಿರುತ್ತದೆ. ಸ್ಟುಡಿಯೊದಿಂದ ನೆಗೆಟಿವ್ ಬಂದ ಮೇಲೆ ಕಿಟಕಿಗೆ ಹಿಡಿದು, ಪುಸ್ತಕದೊಂದಿಗೆ ಹೋಲಿಸುತ್ತ ಕೂರುವುದು ನನಗೆ ಚಿತ್ರ ತೆಗೆಯುವಷ್ಟೇ ಪ್ರೀತಿಯ ಕೆಲಸ. ಅಜ್ಜಿಯ ಚಿತ್ರದ ಒಂದು ಪ್ರಿಂಟನ್ನು ಅವರಿಗೇ ಕೊಟ್ಟೆ. ಅವರು ಅದನ್ನು ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಿದರು.

ಜೂನ್ ಬಂತೆಂದರೆ ಇಲ್ಲಿ ಮಳೆಗಾಲ, ತೇವ ಲೆನ್ಸಿನ ವೈರಿ. ಮಲೆನಾಡು, ಕರಾವಳಿಗಳಲ್ಲಿ ಕ್ಯಾಮೆರಾ ಸಾಕಿದವರಿಗೆ ಈ ಕಾಟ ಚೆನ್ನಾಗಿ ಗೊತ್ತು. ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಬೂಷ್ಟು ಇನ್ನೂ ಬೇಗ ಹಿಡಿಯುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ಇಷ್ಟಿದ್ದರೆ ಸಾಕು. ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಲ್ಲಬೇಕು. 60 ದಾಟಿದರೆ ಜೆಲ್ ಬದಲಿಸುತ್ತೇನೆ.