ಕಲ್ಲಿದ್ದಲಿಲ್ಲದ ನೆಲದ ಬೆಂಕಿ

ಭದ್ರೆಯ ದಂಡೆಯ ಭದ್ರಾವತಿಯ ಕಾಗದನಗರಕ್ಕೆ ಬಂದವರ ಕಣ್ಣು ಮೊದಲು ಹೋಗುವುದು ಮೈಸೂರು ಕಾಗದ ಕಾರ್ಖಾನೆಯ (ಎಂಪಿಎಂ) ಚಿಮಣಿಯತ್ತ. ಈಗ ಅದರಲ್ಲಿ ಹೊಗೆಯಿಲ್ಲ. ಕಾರ್ಖಾನೆಯೊಳಗೆ ಕೊಳವೆಗಳು ತುಕ್ಕು ಹಿಡಿದಿವೆ. ಕ್ವಾರ್ಟರ್ಸ್ ಸಾಲಿನಲ್ಲಿ ಬೀಗ ಬಿದ್ದ ಮನೆಗಳು, ಹುಲ್ಲು ಬೆಳೆದ ಅಂಗಳಗಳು.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ಆದರೂ ಭದ್ರಾವತಿಯಲ್ಲಿ ಕುಲುಮೆ ಉರಿಯಿತು. ಕಲ್ಲಿದ್ದಲಿನ ಕೆಲಸವನ್ನು ಮಲೆನಾಡಿನ ಕಾಡು ಮಾಡಿತು. 1918ರಲ್ಲಿ ಮೈಸೂರು ಸರ್ಕಾರ ಕಟ್ಟಲಾರಂಭಿಸಿದ ಕಬ್ಬಿಣದ ಕಾರ್ಖಾನೆಗೆ ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು, ಸೌದೆ ಸುತ್ತಲ ಕಾಡಿನಿಂದ. ಗಾಳಿಯಾಡದ ಉಕ್ಕಿನ ಪೆಟ್ಟಿಗೆಯಲ್ಲಿ ಸೌದೆ ಕಾಯಿಸಿದರೆ ಹೊಗೆ ತಣಿದು ಡಾಂಬರು, ಮರದ ಸ್ಪಿರಿಟ್ ಇಳಿಯುತ್ತಿದ್ದವು. ಒಳಗೆ ಉಳಿದ ಇದ್ದಿಲು ಊದುಕುಲುಮೆ ಸೇರುತ್ತಿತ್ತು. 1923ರ ಜನವರಿಯಲ್ಲಿ ಮೊದಲ ಕಬ್ಬಿಣ ಹರಿಯಿತು. ಅದೇ ವರ್ಷ ಕಾರ್ಖಾನೆಯ ಹೊಣೆ ಹೊತ್ತ ವಿಶ್ವೇಶ್ವರಯ್ಯನವರು ಅದನ್ನು ನಷ್ಟದಿಂದ ಮೇಲೆತ್ತಿದರು. ಮುಂದೆ ಜೋಗದ ವಿದ್ಯುತ್ ಬಂದ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳು ನೆಲೆಯೂರಿದವು. ಕಾಡು ಹೊತ್ತ ಭಾರಕ್ಕೆ ಶರಾವತಿಯೂ ಹೆಗಲು ಕೊಟ್ಟಳು.

1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಯ ಹಸಿವು ಇನ್ನೂ ದೊಡ್ಡದು. ಕಾಗದಕ್ಕೆ ಮರ, ಬಿದಿರು, ಕಬ್ಬಿನ ಸಿಪ್ಪೆ ಬೇಕು. ಜೊತೆಗೆ ಲೆಕ್ಕವಿಲ್ಲದಷ್ಟು ಆವಿ. ಬಾಯ್ಲರ್‌ಗೆ ಕಲ್ಲಿದ್ದಲು ಹೊರರಾಜ್ಯಗಳಿಂದ ಬರಬೇಕಾಯಿತು. ಅದರ ಶಾಖ ಎರಡು ಕೆಲಸ ಮಾಡುತ್ತಿತ್ತು: ಆವಿ ಮೊದಲು ಟರ್ಬೈನ್ ತಿರುಗಿಸಿ ಕರೆಂಟು ಕೊಡುತ್ತಿತ್ತು, ಆಮೇಲೆ ಒತ್ತಡ ಇಳಿಸಿಕೊಂಡು ದೊಡ್ಡ ದೊಡ್ಡ ಸಿಲಿಂಡರುಗಳೊಳಗೆ ಹೊಕ್ಕು, ಅವುಗಳ ಮೇಲೆ ಓಡುವ ಒದ್ದೆ ಕಾಗದವನ್ನು ಒಣಗಿಸುತ್ತಿತ್ತು. ಮರ ಬೇಯಿಸಿ ಉಳಿದ ಕಪ್ಪು ದ್ರಾವಣವೂ ಇನ್ನೊಂದು ಬಾಯ್ಲರಿಗೆ ಉರುವಲು. 1981ರಿಂದ ಇಲ್ಲಿ ಸುದ್ದಿಪತ್ರಿಕೆಯ ಕಾಗದವೂ ತಯಾರಾಯಿತು. ಕನ್ನಡದ ಎಷ್ಟೋ ಬೆಳಗಿನ ಪತ್ರಿಕೆಗಳು ಈ ಬೆಂಕಿಯಲ್ಲಿ ಒಣಗಿದ ಹಾಳೆಯ ಮೇಲೆ ಅಚ್ಚಾದವು.

2016ರ ಹೊತ್ತಿಗೆ ಕಾಗದ ಕಾರ್ಖಾನೆಯ ಯಂತ್ರಗಳು ನಿಂತವು. ಶಿಫ್ಟ್ ನಿಂತರೆ ಚಹಾದಂಗಡಿ, ತರಕಾರಿ ಗಾಡಿ, ಸೈಕಲ್ ಶಾಪ್ ಎಲ್ಲಕ್ಕೂ ಪೆಟ್ಟು. ಕಾರ್ಖಾನೆಗೆಂದು ಬೆಟ್ಟಗಳ ಮೇಲೆ ನೆಟ್ಟ ನೀಲಗಿರಿ, ಅಕೇಶಿಯಾ ಮಾತ್ರ ಹಾಗೇ ನಿಂತಿವೆ. ಅವು ಬೇಡ, ನಮ್ಮ ಕಾಡು ನಮಗೆ ಬೇಕು ಎಂದು ಮಲೆನಾಡಿಗರು ಕೇಳುತ್ತಿದ್ದಾರೆ. ಕೆಲಸ ಕಳೆದುಕೊಂಡವರು ಕಾರ್ಖಾನೆ ತೆರೆಯಿರಿ ಎನ್ನುತ್ತಿದ್ದಾರೆ. ಎರಡೂ ನ್ಯಾಯವಾದ ಕೂಗು. ಬೆಂಕಿ ಮತ್ತೆ ಹೊತ್ತಿಸುವವರು ಉರುವಲು ಎಲ್ಲಿಂದ ಬರುತ್ತದೆ, ಅದಕ್ಕೆ ಬೆಲೆ ತೆರುವವರು ಯಾರು ಎಂದು ಮೊದಲೇ ಊರಿನ ಮುಂದೆ ಲೆಕ್ಕ ಇಡಬೇಕು.