ನಿಮಗಿದು ಗೊತ್ತೆ? ಆತಂಕದ ಮಾತ್ರೆ: ಗುಣವೂ ಉಂಟು, ಅಪಾಯವೂ ಉಂಟು

ಜನ ‘ನಿದ್ದೆ ಮಾತ್ರೆ’ ಎನ್ನುವ ಆಲ್‌ಪ್ರಜೋಲಾಮ್, ಡಯಾಜೆಪಾಮ್, ಕ್ಲೊನಾಜೆಪಾಮ್ ಒಂದೇ ಗುಂಪಿನವು. ಆ ಗುಂಪಿನ ಹೆಸರು ಬೆಂಜೊಡಯಜೆಪೀನ್.

● ಈ ಗುಂಪಿನ ಮೊದಲ ಔಷಧಿ ಲಿಬ್ರಿಯಂ 1960ರಲ್ಲಿ ಮಾರುಕಟ್ಟೆಗೆ ಬಂತು. ಕಂಡುಹಿಡಿದವರು ರಸಾಯನ ವಿಜ್ಞಾನಿ ಲಿಯೊ ಸ್ಟರ್ನ್‌ಬ್ಯಾಕ್. 1963ರಲ್ಲಿ ವೇಲಿಯಂ (ಡಯಾಜೆಪಾಮ್) ಬಂತು.

● ಮಿದುಳನ್ನು ಶಾಂತವಾಗಿಸುವ ‘ಗಾಬಾ’ ಎಂಬ ರಾಸಾಯನಿಕಕ್ಕೆ ಇವು ಬಲ ಕೊಡುತ್ತವೆ. ತೀವ್ರ ಗಾಬರಿ, ಫಿಟ್ಸ್, ಕುಡಿತ ಬಿಡುವಾಗಿನ ನಡುಕಕ್ಕೆ ಬೇಗ ಉಪಶಮನ ಸಿಗುತ್ತದೆ.

● ಆತಂಕಕ್ಕೆ ಸಾಮಾನ್ಯವಾಗಿ 2ರಿಂದ 4 ವಾರಗಳ ಬಳಕೆಯಷ್ಟೇ ಸೂಕ್ತ. ಮುಂದುವರಿದರೆ ದೇಹ ಮಾತ್ರೆಗೆ ಒಗ್ಗಿಹೋಗಿ, ಅದಿಲ್ಲದೆ ನಿದ್ದೆಯೇ ಬಾರದಂತಾಗಬಹುದು.

● ಬಹುಕಾಲ ನುಂಗಿದವರು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ಸಲಹೆಯಂತೆ ಪ್ರಮಾಣವನ್ನು ನಿಧಾನವಾಗಿ ಇಳಿಸಬೇಕು.

● ಮದ್ಯದ ಜೊತೆ ಸೇವಿಸಿದರೆ ಉಸಿರಾಟವೇ ಕುಗ್ಗಿ ಜೀವಕ್ಕೆ ಕುತ್ತು. ವಯಸ್ಸಾದವರು ಜಾರಿ ಬಿದ್ದು ಮೂಳೆ ಮುರಿದುಕೊಳ್ಳುವ ಭಯವಿದೆ. ಮಂಪರಿನಲ್ಲಿ ಬೈಕ್, ಟ್ರ್ಯಾಕ್ಟರ್ ಓಡಿಸಬೇಡಿ.

● ಆಲ್‌ಪ್ರಜೋಲಾಮ್, ಡಯಾಜೆಪಾಮ್‌ಗಳು 2014ರ ಮಾರ್ಚ್ 1ರಿಂದ ಜಾರಿಗೆ ಬಂದ, ಔಷಧಿ ಮಾರಾಟ ನಿಯಮದ ‘ಎಚ್‌1’ ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಮಾರುವಂತಿಲ್ಲ. ಕೊಂಡವರ, ಬರೆದ ವೈದ್ಯರ ವಿವರವನ್ನು ಅಂಗಡಿಯವರು 3 ವರ್ಷ ಇಟ್ಟಿರಬೇಕು. ನೆರೆಮನೆಯವರ ಮಾತ್ರೆ ಕಡ ತರುವುದು ಬೇಡವೇ ಬೇಡ.

● ಆತಂಕಕ್ಕೆ ಆಪ್ತಸಮಾಲೋಚನೆ, ಬೇರೆ ಔಷಧಿಗಳೂ ಇವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ದಿನ ವಿಚಾರಿಸಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.