ಹಳೆಯ ಪಿಸ್ತೂಲನ್ನು ನಂಬಬಹುದೇ?

ನೂರು ವರ್ಷ ದಾಟಿದ ವಿನ್ಯಾಸದ ಪಿಸ್ತೂಲನ್ನು ಇಂದಿಗೂ ಕೆಲವರು ದಿನವೂ ಸೊಂಟದಲ್ಲಿಟ್ಟು ಓಡಾಡುತ್ತಾರೆ. ಈ ನಂಬಿಕೆಗೆ ಆಧಾರವೇನು? ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ಎಂ-1911 ಪಿಸ್ತೂಲನ್ನೇ ನೋಡೋಣ. 1911ರ ಮಾರ್ಚ್ ತಿಂಗಳ ಪರೀಕ್ಷೆಯಲ್ಲಿ ಅದು 6,000 ಗುಂಡುಗಳನ್ನು ಹಾರಿಸಿತು, ಒಮ್ಮೆಯೂ ಕೈಕೊಡಲಿಲ್ಲ. ಅದೇ ತಿಂಗಳು ಸೇನೆ ಅದನ್ನು ಒಪ್ಪಿಕೊಂಡಿತು. 1985ರಲ್ಲಿ ಬೇರೆ ಪಿಸ್ತೂಲು ಆಯ್ಕೆಯಾಗುವವರೆಗೂ ಅದನ್ನೇ ಬಳಸಿತು.

ಆದರೆ ಬೇಕಾದಾಗ ಗುಂಡು ಹಾರುವುದು ಒಂದು ಭರವಸೆ. ಬೇಡವಾದಾಗ ಹಾರದಿರುವುದು ಇನ್ನೊಂದು. ಇದಕ್ಕಾಗಿ ಎರಡು ತಡೆಗಳಿವೆ. ಹಿಡಿಯ ಹಿಂಬದಿಯನ್ನು ಅಂಗೈ ಒತ್ತದಿದ್ದರೆ ಟ್ರಿಗರ್ ಎಳೆಯಲಾಗದು. ಹೆಬ್ಬೆರಳಿನ ಅಗುಳಿ ಹಾಕಿದ್ದರೆ ಸುತ್ತಿಗೆ ಬೀಳದು. ಆದರೂ ಗುಂಡು ತುಂಬಿದ ಪಿಸ್ತೂಲು ಮೂತಿ ಕೆಳಗಾಗಿ ಎತ್ತರದಿಂದ ಬಿದ್ದರೆ? ಪಿಸ್ತೂಲು ನೆಲಕ್ಕೆ ತಾಗಿ ನಿಂತರೂ ಒಳಗಿನ ಸಿಡಿಮೊಳೆ ಜಡತ್ವದಿಂದ ಮುಂದೆ ಸರಿದು ಗುಂಡಿಗೆ ಬಡಿಯಬಹುದು. ಬಸ್ಸಿನ ಬ್ರೇಕ್ ಬಿದ್ದಾಗ ನೀವು ಮುಂದಕ್ಕೆ ವಾಲುವುದೂ ಇದೇ ನಿಯಮದಿಂದ. ಕೋಲ್ಟ್ ಕಂಪನಿ 1983ರಲ್ಲಿ ಈ ಮೊಳೆಗೂ ಒಂದು ತಡೆಯನ್ನು ಸೇರಿಸಿತು; ಟ್ರಿಗರ್ ಎಳೆದಾಗ ಮಾತ್ರ ಅದು ಸರಿಯುತ್ತದೆ.

ಯಂತ್ರಕ್ಕೆ ವಯಸ್ಸಾದ ಮಾತ್ರಕ್ಕೆ ಅದು ನಂಬಿಕೆಗೆ ಅರ್ಹವಾಗುವುದಿಲ್ಲ. ಅದು ಯಾವ ಪರೀಕ್ಷೆಯನ್ನು ಗೆದ್ದಿದೆ, ಯಾವ ದೋಷ ತಿದ್ದಿಕೊಂಡಿದೆ ಎಂದು ಮೊದಲು ಕೇಳಿ.